ಐದು ಲೀಟರ್ ಪೆಟ್ರೋಲ್‌ನಲ್ಲಿ ಒಂದು ಲೀಟರ್ ಎಥೆನಾಲ್: ಹಳೆ ಕಾರಿನವರ ಲೆಕ್ಕ

ಕಾರಿಗೆ ಐದು ಲೀಟರ್ ಪೆಟ್ರೋಲ್ ಹಾಕಿಸಿದರೆ ಈಗ ಅದರಲ್ಲಿ ಒಂದು ಲೀಟರ್ ಎಥೆನಾಲ್, ಅಂದರೆ ಕಬ್ಬು, ಮೆಕ್ಕೆಜೋಳದಿಂದ ಮಾಡುವ ಮದ್ಯಸಾರ ಇರುತ್ತದೆ. ಐನೂರು ರೂಪಾಯಿಗೆ ಹಾಕಿ ಎಂದರೂ ಅದೇ, ಫುಲ್ ಟ್ಯಾಂಕ್ ಎಂದರೂ ಅದೇ. 20% ಬೆರಕೆಯ ಇದಕ್ಕೆ ಇ20 ಎಂದು ಹೆಸರು, 10% ಆದರೆ ಇ10. ಇದು ದೇಶಕ್ಕೆ ಬಿಡುಗಡೆಯಾಗಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು, ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ. ಆಗ 11 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 84 ಬಂಕ್‌ಗಳಲ್ಲಿ ಮಾತ್ರ ಸಿಗುತ್ತಿತ್ತು. ಎರಡೇ ವರ್ಷದಲ್ಲಿ ಅದು ಎಲ್ಲ ಕಡೆಗೂ ಬಂತು. 2030ಕ್ಕೆ ಮುಟ್ಟಬೇಕಿದ್ದ ಗುರಿಯನ್ನು ಸರ್ಕಾರ 2025-26ಕ್ಕೆ ಎಳೆದು ತಂದಿತ್ತು. 2025ರಲ್ಲೇ ಅದನ್ನು ಮುಟ್ಟಿಯೂ ಬಿಟ್ಟಿತು.

ಕಾರಿನವರು ಎಚ್ಚೆತ್ತುಕೊಂಡಿದ್ದು ಆಮೇಲೆ. 2025ರ ಆಗಸ್ಟ್ ಹೊತ್ತಿಗೆ ಗಲಾಟೆ ಜೋರಾಯಿತು. ಮೈಲೇಜ್ ಬಿತ್ತು, ಎಂಜಿನ್ ಹಾಳಾಗುತ್ತೆ, ಇನ್ಶೂರೆನ್ಸ್ ಸಿಗಲ್ಲ ಅಂತೆಲ್ಲ. ಪೆಟ್ರೋಲಿಯಂ ಸಚಿವಾಲಯ ಒಂದರ ಹಿಂದೆ ಒಂದು ಸ್ಪಷ್ಟನೆ ಕೊಟ್ಟಿತು. ಎರಡೂ ಕಡೆಯವರು ಒಂದಿಷ್ಟು ನಿಜ ಹೇಳಿದರು, ಒಂದಿಷ್ಟು ಮರೆಮಾಚಿದರು. ನನಗೆ ಕಾಣುವ ಮಟ್ಟಿಗೆ ನಿಜವಾದ ತಕರಾರು ಎಂಜಿನ್‌ನದ್ದಲ್ಲ, ದುಡ್ಡಿನದ್ದು. ಅದಕ್ಕೆ ಬರುವ ಮುಂಚೆ ಮೈಲೇಜ್ ವಿಷಯ ಮುಗಿಸೋಣ.

ಒಂದು ಲೀಟರ್ ಎಥೆನಾಲ್‌ನಲ್ಲಿ ಇರುವ ಶಕ್ತಿ ಒಂದು ಲೀಟರ್ ಪೆಟ್ರೋಲ್‌ನಲ್ಲಿ ಇರುವುದಕ್ಕಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಇದರಲ್ಲಿ ವಾದಕ್ಕೆ ಜಾಗವೇ ಇಲ್ಲ. 20% ಬೆರೆಸಿದರೆ ಒಟ್ಟು ಶಕ್ತಿಯಲ್ಲಿ ಆರೂವರೆ ಪರ್ಸೆಂಟ್‌ನಷ್ಟು ಇಳಿಯುತ್ತದೆ. ನೀತಿ ಆಯೋಗ 2021ರ ಜೂನ್‌ನಲ್ಲಿ ಹೊರತಂದ ಎಥೆನಾಲ್ ಮಾರ್ಗಸೂಚಿ ಕೂಡ ಹೆಚ್ಚುಕಮ್ಮಿ ಇದನ್ನೇ ಹೇಳುತ್ತದೆ. ಬರೀ ಪೆಟ್ರೋಲ್‌ಗೆಂದು ವಿನ್ಯಾಸ ಮಾಡಿ ಇ10ಕ್ಕೆ ಹೊಂದಿಸಿದ ಕಾರಿನಲ್ಲಿ ಮೈಲೇಜ್ ನಷ್ಟ 6ರಿಂದ 7%. ಇ10ಕ್ಕೆ ವಿನ್ಯಾಸ ಮಾಡಿ ಇ20ಗೆ ಹೊಂದಿಸಿದ ಕಾರಿನಲ್ಲಿ 1ರಿಂದ 2%. ಬೈಕ್‌ಗಳಲ್ಲಿ 3ರಿಂದ 4%.

ಸಚಿವಾಲಯ ಮಾತಾಡುವಾಗ ಚಿಕ್ಕ ಸಂಖ್ಯೆಯನ್ನು ಮುಂದೆ ಇಡುತ್ತದೆ. ಬೈದಾಡುವವರು ದೊಡ್ಡ ಸಂಖ್ಯೆಯನ್ನು ಹಿಡಿದು ಅದನ್ನೂ ಮೂರು ಪಟ್ಟು ಮಾಡುತ್ತಾರೆ. ಇನ್ನೊಂದು ವಿಷಯವನ್ನು ಇಬ್ಬರೂ ಬಿಡುತ್ತಾರೆ. ನಾವು ಬರೀ ಪೆಟ್ರೋಲ್‌ನಿಂದ ಸೀದಾ ಇ20ಗೆ ಜಿಗಿದಿಲ್ಲ. 2022ರ ಜೂನ್‌ಗೇ ದೇಶದಲ್ಲಿ ಸರಾಸರಿ 10% ಬೆರಕೆ ಆಗಿತ್ತು. ಹಾಗಾಗಿ ಈಚಿನ ಇಳಿತ ಇ10ರಿಂದ ಇ20ಗೆ, ಅಂದರೆ ಮೂರೂವರೆ ಪರ್ಸೆಂಟ್ ಆಸುಪಾಸು. ಮೊದಲ ಅರ್ಧ ನಮಗೆ ಗೊತ್ತೇ ಆಗದೆ ಹೋಗಿತ್ತು.

ರೂಪಾಯಿಯಲ್ಲಿ ಹೇಳೋಣ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವ ಕಾರು, ಇ10ರಲ್ಲಿ ಲೀಟರಿಗೆ 15 ಕೊಡುತ್ತಿತ್ತು ಅಂದುಕೊಳ್ಳಿ. ಪೆಟ್ರೋಲ್ ದರ 103 ರೂಪಾಯಿ ಎಂದು ಹಿಡಿಯೋಣ. ಆಗ ತಿಂಗಳ ಖರ್ಚು ಸುಮಾರು 6,870 ರೂಪಾಯಿ. ಇ20ರಲ್ಲಿ ಅದೇ ಕಾರು ಹದಿನಾಲ್ಕೂವರೆ ಕೊಡುತ್ತದೆ. ತಿಂಗಳಿಗೆ 240 ರೂಪಾಯಿ ಜಾಸ್ತಿ, ವರ್ಷಕ್ಕೆ 2,900 ಹತ್ತಿರ. ಬರೀ ಪೆಟ್ರೋಲ್ ಕಾಲಕ್ಕೆ ಹೋಲಿಸಿದರೆ ನಷ್ಟ ಇದರ ಎರಡು ಪಟ್ಟು. ಮನೆ ಮುಳುಗುವ ಮೊತ್ತವಲ್ಲ. ಆದರೆ ಟ್ಯಾಕ್ಸಿ ಓಡಿಸುವವರಿಗೆ, ದಿನಾ ತುಮಕೂರಿನಿಂದ ಬೆಂಗಳೂರಿಗೆ ಬಂದು ಹೋಗುವವರಿಗೆ ಇದು ಚಿಲ್ಲರೆ ದುಡ್ಡೂ ಅಲ್ಲ.

ಹಾಗಾದರೆ ಹದಿನೆಂಟು ಕೊಡುತ್ತಿದ್ದ ಗಾಡಿ ಹದಿಮೂರಕ್ಕೆ ಬಂತು ಎನ್ನುವವರದ್ದು ಸುಳ್ಳಾ? ಸುಳ್ಳಲ್ಲ, ಮೈಲೇಜ್ ನಿಜವಾಗಿಯೂ ಬಿದ್ದಿರಬಹುದು. ಆದರೆ ಅಷ್ಟೂ ಎಥೆನಾಲ್‌ನಿಂದ ಆಗುವುದು ಲೆಕ್ಕಕ್ಕೆ ಕೂಡುವುದಿಲ್ಲ. ಟೈರಿನಲ್ಲಿ ಗಾಳಿ ಕಡಿಮೆ, ಏರ್ ಫಿಲ್ಟರ್ ತುಂಬ ಧೂಳು, ಜೊತೆಗೆ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಎಸಿ ಹಾಕಿಕೊಂಡು ಅರ್ಧ ಗಂಟೆ. ಇದಕ್ಕೆಲ್ಲ ಎಥೆನಾಲ್ ಏನು ಮಾಡೀತು? ಈಗಂತೂ ಕ್ಲಚ್ ಸವೆದರೂ ಇ20, ಬ್ಯಾಟರಿ ಸತ್ತರೂ ಇ20. ಗ್ಯಾರೇಜಿನವರಿಗೂ ಇದು ಅನುಕೂಲವಾಗಿದೆ. ಕಾರಣ ಹುಡುಕುವ ಕೆಲಸ ತಪ್ಪಿತಲ್ವಾ!

ಎಂಜಿನ್ ವಿಷಯಕ್ಕೆ ಬಂದರೆ ಎಲ್ಲ ಕಾರುಗಳಿಗೂ ಒಂದೇ ಉತ್ತರ ಇಲ್ಲ. 2025ರ ಏಪ್ರಿಲ್ ನಂತರ ತಯಾರಾದ ಗಾಡಿಗಳು ಇ20ಗೆಂದೇ ಟ್ಯೂನ್ ಆದವು. 2023ರ ಏಪ್ರಿಲ್‌ನಿಂದ ಈಚಿನವುಗಳಲ್ಲಿ ಪೈಪ್, ಸೀಲ್, ಗ್ಯಾಸ್ಕೆಟ್ ಎಲ್ಲ ಇ20 ತಡೆಯುವಂಥವು, ಟ್ಯೂನಿಂಗ್ ಮಾತ್ರ ಹಳೆಯದು. ಪೆಟ್ರೋಲ್ ಮುಚ್ಚಳದ ಒಳಗೆ ಇ20 ಎಂಬ ಸ್ಟಿಕರ್ ಇದ್ದರೆ ನೆಮ್ಮದಿಯಿಂದ ಇರಬಹುದು. ಯಾವ ಗಾಡಿ ಎಷ್ಟು ಬೆರಕೆ ತಾಳುತ್ತದೆ ಎಂದು ಕಣ್ಣಿಗೆ ಕಾಣುವ ಹಾಗೆ ಸ್ಟಿಕರ್ ಹಚ್ಚಬೇಕು ಎಂಬ ನಿಯಮ 2021ರಲ್ಲೇ ಬಂದಿದೆ.

ತಲೆನೋವು ಇರುವುದು ಅದಕ್ಕಿಂತ ಹಳೆಯ ಗಾಡಿಗಳಿಗೆ. ರಸ್ತೆಯಲ್ಲಿ ಇರುವುದರಲ್ಲಿ ಅವೇ ಜಾಸ್ತಿ. ಇವುಗಳಲ್ಲೂ ಎರಡು ಬಗೆ. ಎಂಪಿಎಫ್‌ಐ, ಅಂದರೆ ಕಂಪ್ಯೂಟರ್ ಹೇಳಿದಷ್ಟು ಇಂಧನವನ್ನು ಇಂಜೆಕ್ಟರ್‌ನಿಂದ ಚಿಮ್ಮಿಸುವ ಎಂಜಿನ್ ಇರುವ ಕಾರುಗಳಲ್ಲಿ ಹೊಗೆ ಕೊಳವೆಗೆ ಒಂದು ಆಕ್ಸಿಜನ್ ಸೆನ್ಸರ್ ಕೂರಿಸಿರುತ್ತಾರೆ. ಪೆಟ್ರೋಲ್ ಸರಿಯಾಗಿ ಉರಿಯಲು ಒಂದು ಕಿಲೋಗೆ 14.7 ಕಿಲೋ ಗಾಳಿ ಬೇಕು, ಎಥೆನಾಲ್‌ಗೆ 9 ಕಿಲೋ ಸಾಕು. ಇ20 ಬಂದಾಗ ಗಾಳಿ ಮಿಕ್ಕುತ್ತದೆ. ಸೆನ್ಸರ್ ಅದನ್ನು ನೋಡಿ ಕಂಪ್ಯೂಟರ್‌ಗೆ ಹೇಳುತ್ತದೆ, ಕಂಪ್ಯೂಟರ್ ಇಂಜೆಕ್ಟರ್‌ನಿಂದ ಸ್ವಲ್ಪ ಜಾಸ್ತಿ ಇಂಧನ ಬಿಡುತ್ತದೆ. ಗಾಡಿ ಚೆನ್ನಾಗೇ ಓಡುತ್ತದೆ, ಟ್ಯಾಂಕ್ ಬೇಗ ಖಾಲಿಯಾಗುತ್ತದೆ, ಅಷ್ಟೆ. ಕಾರ್ಬುರೇಟರ್ ಇರುವ ಹಳೇ ಮಾರುತಿ 800, ಪದ್ಮಿನಿಯಂಥ ಗಾಡಿಗಳಿಗೆ ಈ ಬುದ್ಧಿ ಇಲ್ಲ. ಜೆಟ್‌ನ ತೂತು ಎಷ್ಟಿದೆಯೋ ಅಷ್ಟೇ ಇಂಧನ. ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಬಿಸಿಯಾಗುತ್ತದೆ, ಮಡಿಕೇರಿಯ ಚಳಿಗೆ ಬೆಳಿಗ್ಗೆ ಬೇಗ ಸ್ಟಾರ್ಟ್ ಆಗುವುದಿಲ್ಲ.

ರಬ್ಬರ್ ಭಾಗಗಳ ಚಿಂತೆ ಇಬ್ಬರಿಗೂ ಇದೆ. ಹಳೆಯ ಮಾದರಿಯ ರಬ್ಬರ್ ಎಥೆನಾಲ್‌ನಲ್ಲಿ ಉಬ್ಬುತ್ತದೆ, ಮೆತ್ತಗಾಗುತ್ತದೆ, ಆಮೇಲೆ ಬಿರಿಯುತ್ತದೆ. ಈಚೆಗೆ ಒಂದು ಗ್ಯಾರೇಜಿನಲ್ಲಿ ನಿಂತಿದ್ದಾಗ ಮೆಕ್ಯಾನಿಕ್ ಒಬ್ಬರು ಹಳೆ ಹ್ಯಾಚ್‌ಬ್ಯಾಕ್‌ನಿಂದ ಬಿಚ್ಚಿದ ಪೆಟ್ರೋಲ್ ಪೈಪನ್ನು ಕೈಗೆ ಕೊಟ್ಟರು. ಹಿಸುಕಿದರೆ ಬೆರಳಿಗೆ ಮಸಿಯಂಥ ಕಪ್ಪು ಹತ್ತಿತು. ಕ್ಲಿಪ್ ಬಿಗಿದಿದ್ದ ಜಾಗದಲ್ಲಿ ಸುತ್ತಲೂ ಕೂದಲೆಳೆಯಂಥ ಬಿರುಕು. ಇ20ಯಿಂದಾನಾ ಎಂದು ಕೇಳಿದೆ. "ಸಾರ್, ಇದು ಗಾಡಿ ಜೊತೆ ಬಂದಿದ್ದ ಪೈಪು. ಹದಿಮೂರು ವರ್ಷ ಆಯ್ತು. ಎಥೆನಾಲ್ ಬರ್ಲಿ ಬಿಡ್ಲಿ, ಬದಲಾಯಿಸಲೇಬೇಕಿತ್ತು. ಈಗ ಸ್ವಲ್ಪ ಬೇಗ ಕೈಕೊಡ್ತವೆ, ಅಷ್ಟೇ" ಎಂದರು. ಸಚಿವಾಲಯವೂ ಇದನ್ನು ಅಲ್ಲಗಳೆದಿಲ್ಲ. ಹಳೆ ಗಾಡಿಗಳಲ್ಲಿ 20,000ದಿಂದ 30,000 ಕಿಲೋಮೀಟರ್ ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಾಯಿಸಬೇಕಾಗಬಹುದು, ಅದಕ್ಕೆ ಹೆಚ್ಚು ಖರ್ಚಿಲ್ಲ ಎಂದು ಹೇಳಿದೆ. ಖರ್ಚು ಯಾರದ್ದು ಎಂಬುದನ್ನು ಬಿಡಿಸಿ ಹೇಳಬೇಕೇ? ನಮ್ಮದೇ.

ಮಳೆಗಾಲದ ದೂರು ಬೇರೆ ಥರದ್ದು. ಬಂಕ್‌ನಲ್ಲಿ ಪೆಟ್ರೋಲ್ ಹಾಕಿಸಿ ಒಂದೆರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಗಾಡಿ ಜರ್ಕ್ ಹೊಡೆದು ನಿಲ್ಲುತ್ತದೆ. ಟ್ಯಾಂಕ್ ಬಿಚ್ಚಿ ನೋಡಿದರೆ ನೀರು. ಬೆರಕೆ ಇಲ್ಲದ ಪೆಟ್ರೋಲ್‌ಗೆ ನೀರು ಸೇರಿದರೆ ಅದು ನೆಲದಡಿಯ ಟ್ಯಾಂಕಿನ ತಳದಲ್ಲಿ ಸುಮ್ನೆ ಕೂತಿರುತ್ತಿತ್ತು, ಎಷ್ಟಿದೆ ಎಂದು ಬಂಕಿನವರಿಗೆ ಗೊತ್ತಾಗುತ್ತಿತ್ತು. ಎಥೆನಾಲ್‌ಗೆ ನೀರೆಂದರೆ ಪ್ರೀತಿ. ಒಳಗೆ ಬಂದ ನೀರನ್ನು ಮೊದಲು ತನ್ನೊಳಗೆ ಎಳೆದುಕೊಳ್ಳುತ್ತದೆ. ಒಂದು ಮಿತಿ ದಾಟಿದ ಮೇಲೆ ಎಥೆನಾಲ್ ಮತ್ತು ನೀರು ಎರಡೂ ಒಟ್ಟಿಗೆ ಪೆಟ್ರೋಲನ್ನು ಬಿಟ್ಟು ತಳಕ್ಕೆ ಇಳಿಯುತ್ತವೆ. ಪಂಪ್ ಎಳೆಯುವುದು ತಳದಿಂದಲೇ. ಹಾಗಾಗಿ ಒಂದು ಲೋಟ ನೀರು ಸೋರಿದರೂ ಕಾರಿಗೆ ಬರುವ ಕೆಟ್ಟ ದ್ರವ ಅದಕ್ಕಿಂತ ಎಷ್ಟೋ ಜಾಸ್ತಿ. ಇಲ್ಲಿ ತಪ್ಪು ಇ20ಯದ್ದಲ್ಲ, ನೀರು ಬಿಟ್ಟುಕೊಂಡ ಟ್ಯಾಂಕಿನದ್ದು. ಆದರೆ ಇ20 ಬಂದ ಮೇಲೆ ಟ್ಯಾಂಕಿನ ಬಗ್ಗೆ ಹಿಂದಿನಷ್ಟು ಉದಾಸೀನ ನಡೆಯುವುದಿಲ್ಲ. ಮನೆ ಮುಂದೆ ನಿಂತ ಕಾರಿನ ಟ್ಯಾಂಕ್ ಗಾಳಿಯಿಂದ ನೀರು ಹೀರಿಕೊಳ್ಳುತ್ತದೆ ಎಂಬ ಭಯ ಮಾತ್ರ ಅತಿಯಾಯಿತು. ಈಗಿನ ಕಾರುಗಳ ಟ್ಯಾಂಕ್ ಹೆಚ್ಚುಕಮ್ಮಿ ಮುಚ್ಚಿದ ಡಬ್ಬಿಯೇ. ಒಂದೆರಡು ವಾರ ನಿಂತರೆ ಏನೂ ಆಗದು. ತಿಂಗಳುಗಟ್ಟಲೆ ಬಿಡುವುದು ಬೇಡ.

ಇನ್ನು ದುಡ್ಡಿನ ವಿಷಯ.

2021ರಲ್ಲಿ ನೀತಿ ಆಯೋಗ ಈ ಮಾರ್ಗಸೂಚಿ ಬರೆದಾಗ ಎಥೆನಾಲ್ ಪೆಟ್ರೋಲ್‌ಗಿಂತ ಅಗ್ಗವಾಗಿತ್ತು. ಮೈಲೇಜ್ ಇಳಿಯುತ್ತದೆ ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ಗ್ರಾಹಕರ ನಷ್ಟ ತುಂಬಿಕೊಡಲು ತೆರಿಗೆ ರಿಯಾಯಿತಿ ಕೊಡುವುದನ್ನು ಯೋಚಿಸಬೇಕು ಎಂದು ಅದರಲ್ಲೇ ಬರೆದಿದ್ದರು. ಹಳೆ ಗಾಡಿಗಳ ರಕ್ಷಣೆಗೆ ಇ10 ಸಿಗುತ್ತಿರಬೇಕು ಎಂಬುದೂ ಆಗಿನ ಯೋಚನೆಯಲ್ಲಿತ್ತು. ಬೆರಕೆಯ ಗುರಿ ಮಾತ್ರ ಅವಧಿಗೆ ಮುಂಚೆ ಜಾರಿಯಾಯಿತು, ಈ ಎರಡು ಮಾತು ಕಾಗದದಲ್ಲೇ ಉಳಿದವು.

ರಿಯಾಯಿತಿ ಯಾಕಿಲ್ಲ ಎಂಬುದಕ್ಕೆ ಸಚಿವಾಲಯದ ಉತ್ತರ ಹೀಗಿದೆ. ಈಗ ಎಥೆನಾಲ್ ಅಗ್ಗವಲ್ಲ. ಸಿ-ಹೆವಿ ಕಾಕಂಬಿಯಿಂದ, ಅಂದರೆ ಸಕ್ಕರೆ ತೆಗೆದ ಮೇಲೆ ಕೊನೆಗೆ ಉಳಿಯುವ ಪಾಕದಿಂದ ಮಾಡಿದ ಎಥೆನಾಲ್ ದರ 2021-22ರಲ್ಲಿ ಲೀಟರಿಗೆ 46.66 ರೂಪಾಯಿ ಇದ್ದದ್ದು 2024-25ಕ್ಕೆ 57.97 ಆಯಿತು. ಮೆಕ್ಕೆಜೋಳದ್ದು 52.92ರಿಂದ 71.86ಕ್ಕೆ ಏರಿತು. ಸಾಗಣೆ, ಜಿಎಸ್‌ಟಿ ಸೇರಿಸಿ 2025ರ ಜುಲೈ ಕೊನೆಗೆ ಸರಾಸರಿ 71.32 ರೂಪಾಯಿ. ರಿಫೈನರಿಯಿಂದ ಬರುವ ಪೆಟ್ರೋಲ್‌ಗಿಂತ ಇದೇ ದುಬಾರಿ. ದುಬಾರಿ ವಸ್ತು ಬೆರೆಸಿ ದರ ಇಳಿಸುವುದು ಹೇಗೆ ಎಂಬುದು ಅವರ ವಾದ.

ವಾದ ಸರಿಯೇ. ಆದರೆ ಗ್ರಾಹಕನ ಕಡೆಯಿಂದ ನೋಡಿ. ಆತ ಕೊಳ್ಳುವುದು ಲೀಟರ್ ಅಲ್ಲ, ಕಿಲೋಮೀಟರ್. ಲೀಟರಿನ ದರ ಇದ್ದಲ್ಲೇ ಇದ್ದು ಕಿಲೋಮೀಟರ್ ಕಡಿಮೆಯಾದರೆ ಅದು ದರ ಏರಿಕೆಯೇ, ಬೋರ್ಡಿನಲ್ಲಿ ಕಾಣದ ದರ ಏರಿಕೆ. ಇದರ ಮೇಲೆ ತೆರಿಗೆ. ಕರ್ನಾಟಕ ಸರ್ಕಾರ 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು 25.92%ದಿಂದ 29.84%ಕ್ಕೆ ಏರಿಸಿತು. ಇದು ದರದ ಮೇಲೆ ಬೀಳುವ ತೆರಿಗೆ. ಅದೇ ದೂರಕ್ಕೆ ಲೀಟರ್ ಜಾಸ್ತಿ ಸುಟ್ಟರೆ ತೆರಿಗೆಯೂ ಜಾಸ್ತಿ. ಮೇಲೆ ಹೇಳಿದ 240 ರೂಪಾಯಿಯಲ್ಲಿ ಒಂದು ಪಾಲು ವಿಧಾನಸೌಧಕ್ಕೂ ಹೋಗುತ್ತದೆ. ಕೇಂದ್ರವನ್ನು ಬೈಯುವಾಗ ಇದನ್ನೂ ನೆನಪಿಟ್ಟುಕೊಳ್ಳಬೇಕು.

ಆಕ್ಟೇನ್, ಅಂದರೆ ಎಂಜಿನ್‌ನೊಳಗೆ ಹೊತ್ತಿಗೆ ಮುಂಚೆ ಸಿಡಿಯದೆ ತಡೆದುಕೊಳ್ಳುವ ಗುಣ ಜಾಸ್ತಿಯಾಗಿದೆ, ಪಿಕಪ್ ಚೆನ್ನಾಗಿರುತ್ತದೆ ಎಂಬ ಸಮಾಧಾನವೂ ಉಂಟು. ಇ20ಯ ಆಕ್ಟೇನ್ 95, ಹಿಂದಿನ ಸಾದಾ ಪೆಟ್ರೋಲ್‌ನದ್ದು 91. ಆದರೆ ಹೆಚ್ಚಿನ ಆಕ್ಟೇನ್‌ನ ಲಾಭ ಸಿಗಬೇಕಾದರೆ ಎಂಜಿನ್‌ನ ಕಂಪ್ರೆಷನ್, ಇಗ್ನಿಷನ್ ಟೈಮಿಂಗ್ ಅದಕ್ಕೆ ತಕ್ಕಂತೆ ಇರಬೇಕು. 91ಕ್ಕೆಂದು ಮಾಡಿದ ಎಂಜಿನ್‌ಗೆ 95 ಹಾಕಿದರೆ ಹೆಚ್ಚೇನೂ ಗಿಟ್ಟುವುದಿಲ್ಲ. ಅದೂ ಹೊಸ ಕಾರಿನವರಿಗೆ ಸಿಗುವ ಲಾಭ.

ಹಾಗಂತ ಇಡೀ ಯೋಜನೆಯೇ ಮೋಸ ಎಂದು ಬಿಸಾಡುವ ಹಾಗೂ ಇಲ್ಲ. ನಾವು ಸುಡುವ ಕಚ್ಚಾ ತೈಲದಲ್ಲಿ ಬಹುಪಾಲು ಹೊರಗಿನಿಂದ ಬರುತ್ತದೆ. 2014-15ರಿಂದ 2025ರ ಜುಲೈವರೆಗೆ ಎಥೆನಾಲ್‌ನಿಂದ 1.44 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ವಿದೇಶಿ ವಿನಿಮಯ ಉಳಿದಿದೆ ಎಂದು ಸಚಿವಾಲಯ ಹೇಳುತ್ತದೆ. ಕಬ್ಬಿನ ಎಥೆನಾಲ್‌ನಿಂದ ಹಸಿರುಮನೆ ಅನಿಲ ಪೆಟ್ರೋಲ್‌ಗಿಂತ 65% ಕಡಿಮೆ, ಮೆಕ್ಕೆಜೋಳದ್ದರಿಂದ 50% ಕಡಿಮೆ ಎಂಬ ಅಂದಾಜನ್ನೂ ಮುಂದಿಡುತ್ತದೆ. ಮಂಡ್ಯದ ಕಡೆಯವರಿಗೆ ಅರ್ಥವಾಗುವ ಇನ್ನೊಂದು ಸಂಖ್ಯೆ ನೀತಿ ಆಯೋಗದ ಅದೇ ವರದಿಯಲ್ಲಿದೆ. ಸಕ್ಕರೆಯಿಂದ ಒಂದು ಲೀಟರ್ ಎಥೆನಾಲ್ ಮಾಡಲು, ಬೆಳೆಗೆ ಹಾಯಿಸುವುದೂ ಸೇರಿ, ಸುಮಾರು 2,860 ಲೀಟರ್ ನೀರು ಬೇಕು. ಮಳೆ ಕೈಕೊಟ್ಟಾಗ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವೆ. 2023ರ ಡಿಸೆಂಬರ್‌ನಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದಕ್ಕೆ ಕೇಂದ್ರವೇ ತಡೆ ಹಾಕಿತು. ಆ ಜಾಗಕ್ಕೆ ಮೆಕ್ಕೆಜೋಳ ಬಂತು.

ನಾವು ಕೊಡುವ ಹೆಚ್ಚುವರಿ ದುಡ್ಡು ರೈತರಿಗಾದರೂ ಮುಟ್ಟಿದರೆ ಒಂದು ಸಮಾಧಾನ. 2025ರ ನವೆಂಬರ್ ನೆನಪಿದೆಯೇ? ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಟನ್‌ಗೆ 3,500 ರೂಪಾಯಿ ಕೇಳಿ ರಸ್ತೆಗೆ ಕೂತಿದ್ದರು. ಕೊನೆಗೆ 3,300ಕ್ಕೆ ಮಾತುಕತೆ ಮುಗಿಯಿತು. ಅದೇ ತಿಂಗಳು ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ಇದ್ದರೂ ಮಾರುಕಟ್ಟೆಯಲ್ಲಿ 1,600ರಿಂದ 1,800ಕ್ಕೆ ಕೇಳುವವರಿರಲಿಲ್ಲ. ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಧಾನಿಗೆ ಪತ್ರ ಬರೆದರು. ಎಥೆನಾಲ್ ಖರೀದಿಯಲ್ಲಿ ರಾಜ್ಯದ ಡಿಸ್ಟಿಲರಿಗಳಿಗೆ ಸಿಗುತ್ತಿರುವ ಪಾಲು ಅವುಗಳ ಸಾಮರ್ಥ್ಯಕ್ಕೆ ಹೋಲಿಸಿದರೆ ಬಹಳ ಕಡಿಮೆ ಎಂಬುದು ರಾಜ್ಯದ ದೂರು. ದಾವಣಗೆರೆ, ಹಾವೇರಿಯ ರೈತ ಜೋಳದ ರಾಶಿ ಕಾಯುತ್ತ ಕೂತಿದ್ದಾನೆ, ಅದೇ ಜೋಳದ ಹೆಸರಿನಲ್ಲಿ ಬೈಕ್‌ಗೆ ಪೆಟ್ರೋಲ್ ಹಾಕಿಸುವವ ಮೈಲೇಜ್ ಕಳೆದುಕೊಂಡಿದ್ದಾನೆ. ಎಷ್ಟೋ ಸಲ ಆ ಇಬ್ಬರೂ ಒಬ್ಬನೇ.

ಬ್ರೆಜಿಲ್‌ನಲ್ಲಿ ನಡೆಯುತ್ತಿಲ್ಲವೇ ಎಂದು ಕೇಳುವವರಿದ್ದಾರೆ. ನಡೆಯುತ್ತಿದೆ. 2025ರ ಆಗಸ್ಟ್ 1ರಿಂದ ಅಲ್ಲಿ 30% ಬೆರಕೆ. ಆದರೆ ಅವರು ಈ ಕೆಲಸ ಶುರು ಮಾಡಿದ್ದು 1975ರಲ್ಲಿ. ಪೆಟ್ರೋಲ್, ಎಥೆನಾಲ್ ಯಾವುದನ್ನು ಎಷ್ಟು ಹಾಕಿದರೂ ಓಡುವ ಫ್ಲೆಕ್ಸ್ ಫ್ಯುಯೆಲ್ ಕಾರು 2003ರಿಂದಲೇ ಅಲ್ಲಿ ಮಾರಾಟಕ್ಕಿದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಅಲ್ಲಿನ ಬಂಕಿನಲ್ಲಿ ಎರಡೂ ಇಂಧನದ ದರ ಅಕ್ಕಪಕ್ಕ ಬರೆದಿರುತ್ತಾರೆ. ಎಥೆನಾಲ್ ದರ ಪೆಟ್ರೋಲ್ ದರದ 70%ಗಿಂತ ಕೆಳಗಿದ್ದರೆ ಎಥೆನಾಲ್ ಹಾಕಿಸುತ್ತಾರೆ, ಇಲ್ಲದಿದ್ದರೆ ಪೆಟ್ರೋಲ್. ಅಲ್ಲಿನ ಸಾಮಾನ್ಯ ಚಾಲಕನಿಗೂ ಈ ಲೆಕ್ಕ ಬಾಯಿಪಾಠ. ಎಥೆನಾಲ್‌ನಲ್ಲಿ ಶಕ್ತಿ ಕಡಿಮೆ ಎಂಬುದನ್ನು ಅಲ್ಲಿ ಯಾರೂ ಮುಚ್ಚಿಡುವುದಿಲ್ಲ, ಅದು ದರದಲ್ಲೇ ಕಾಣುತ್ತದೆ. ಅಮೆರಿಕದಲ್ಲೂ 15% ಬೆರಕೆಯ ಪೆಟ್ರೋಲ್‌ಗೆ ಬೇರೆ ಲೇಬಲ್ ಇರುತ್ತದೆ, 2001ಕ್ಕಿಂತ ಹಿಂದಿನ ಕಾರುಗಳಿಗೆ ಅದನ್ನು ಹಾಕುವಂತಿಲ್ಲ.

ನಮ್ಮಲ್ಲೂ ಆಯ್ಕೆ ಕೊಡಿ ಎಂದು ಸುಪ್ರೀಂ ಕೋರ್ಟ್‌ಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. 2025ರ ಸೆಪ್ಟೆಂಬರ್ 1ರಂದು ಅದು ವಜಾ ಆಯಿತು. ಎರಡು ದರ್ಜೆಯ ಪೆಟ್ರೋಲ್ ಇಡುವುದು ಸುಲಭವೂ ಅಲ್ಲ. ಬಂಕಿಗೆ ಇನ್ನೊಂದು ನೆಲದಡಿ ಟ್ಯಾಂಕ್, ಇನ್ನೊಂದು ನಾಜಲ್, ಡಿಪೋದಲ್ಲಿ ಬೇರೆ ಸಾಲು ಬೇಕು. ಆದರೆ ಪ್ರೀಮಿಯಂ ಪೆಟ್ರೋಲ್‌ಗೆಂದು ಎಷ್ಟೋ ಬಂಕ್‌ಗಳಲ್ಲಿ ಈಗಾಗಲೇ ಬೇರೆ ಟ್ಯಾಂಕ್, ಬೇರೆ ನಾಜಲ್ ಇದೆ. ದುಬಾರಿ ಪೆಟ್ರೋಲ್ ಮಾರಲು ಆಗುವ ಏರ್ಪಾಡು ಹತ್ತು ವರ್ಷದ ಹಳೆ ಕಾರಿಗೆ ಇ10 ಕೊಡಲು ಯಾಕೆ ಆಗದು? ಜಿಲ್ಲೆಗೆ ನಾಲ್ಕು ಬಂಕ್‌ನಲ್ಲಿ ಇಟ್ಟರೂ ಸಾಕಿತ್ತು. ಅದೂ ಬೇಡವೆಂದರೆ ಪಂಪ್ ಮೇಲೆ ಎಷ್ಟು ಪರ್ಸೆಂಟ್ ಎಥೆನಾಲ್ ಇದೆ ಎಂದು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಯಲು ಖರ್ಚೇನು?

ಅದು ಆಗುವವರೆಗೆ ಹಳೆ ಕಾರಿನವರು ಮಾಡಬಹುದಾದದ್ದು ಸ್ವಲ್ಪವೇ. ಮುಂದಿನ ಸರ್ವಿಸ್‌ನಲ್ಲಿ ಪೆಟ್ರೋಲ್ ಪೈಪ್‌ಗಳನ್ನು ಬಗ್ಗಿಸಿ ನೋಡಲು ಹೇಳಿ. ಬಿರುಕಿದ್ದರೆ ಎಥೆನಾಲ್ ತಡೆಯುವ ಪೈಪ್ ಹಾಕಿಸಿ, ಫ್ಯುಯೆಲ್ ಫಿಲ್ಟರ್ ಕೂಡ ಬದಲಾಗಲಿ. ಬಾನೆಟ್ ತೆಗೆದಾಗ ಪೆಟ್ರೋಲ್ ವಾಸನೆ ಬಂದರೆ ನಾಳೆ ನೋಡೋಣ ಅನ್ನಬೇಡಿ, ಅದು ಬೆಂಕಿಯ ವಿಷಯ. ಎಥೆನಾಲ್ ದೋಷ ತೆಗೆಯುತ್ತದೆ ಎಂದು ಮಾರುವ ಪುಟ್ಟ ಬಾಟಲಿಗಳಿಗೆ ದುಡ್ಡು ಹಾಕುವ ಮುಂಚೆ ಯೋಚಿಸಿ. ಎಥೆನಾಲ್‌ನಲ್ಲಿ ಇಲ್ಲದ ಶಕ್ತಿಯನ್ನು ಯಾವ ಬಾಟಲಿಯೂ ತಂದುಕೊಡುವುದಿಲ್ಲ. ಇ20 ತಪ್ಪಿಸಿಕೊಳ್ಳಲು 100 ಆಕ್ಟೇನ್ ಪೆಟ್ರೋಲ್ ಹಾಕಿಸುತ್ತೇನೆ ಎಂದರೆ ಅದರ ದರ ಲೀಟರಿಗೆ ನೂರೈವತ್ತರ ಮೇಲೆ. ನಾಲ್ಕಾರು ಪರ್ಸೆಂಟ್ ಉಳಿಸಲು ಹೋಗಿ ಐವತ್ತು ಪರ್ಸೆಂಟ್ ಜಾಸ್ತಿ ಕೊಟ್ಟ ಹಾಗೆ.

ಮೈಲೇಜ್ ನಿಜವಾಗಿ ಎಷ್ಟು ಬಿದ್ದಿದೆ ಎಂದು ತಿಳಿಯಬೇಕಾದರೆ ಒಂದೇ ಬಂಕಿನಲ್ಲಿ ಫುಲ್ ಟ್ಯಾಂಕ್ ಮಾಡಿಸಿ, ಐನೂರು ಕಿಲೋಮೀಟರ್ ಓಡಿಸಿ, ಅಲ್ಲೇ ಮತ್ತೆ ಫುಲ್ ಮಾಡಿಸಿ ಭಾಗಿಸಿ ನೋಡಿ. ಇಳಿತ ಹತ್ತು ಪರ್ಸೆಂಟ್ ದಾಟಿದ್ದರೆ ಕಾರಣ ಗಾಡಿಯೊಳಗೇ ಇದೆ, ಮೆಕ್ಯಾನಿಕ್ ಹತ್ತಿರ ಹೋಗಿ. ಮಳೆಗಾಲದಲ್ಲಿ ಬಿಲ್ ಕೇಳಿ ಪಡೆಯಿರಿ. ಗಾಡಿ ನಿಂತರೆ ಟ್ಯಾಂಕಿನಿಂದ ತೆಗೆದ ದ್ರವವನ್ನು ಎಸೆಯಬೇಡಿ, ದೂರು ಕೊಡಲು ಅದೇ ಸಾಕ್ಷಿ.

ಸದ್ಯದ ಯೋಜನೆ ಪ್ರಕಾರ 2026ರ ಅಕ್ಟೋಬರ್ 31ರವರೆಗೆ ಇ20. ಅದಾದ ಮೇಲೆ ಬೆರಕೆ ಎಷ್ಟಕ್ಕೆ ಏರಬೇಕು ಎಂಬ ಚರ್ಚೆಯಲ್ಲಿ 27% ಎಂಬ ಸಂಖ್ಯೆ ಆಗಲೇ ಓಡಾಡುತ್ತಿದೆ. ಇವತ್ತು ಷೋರೂಮಿನಿಂದ ಹೊರಬರುವ ಕಾರುಗಳು ಟ್ಯೂನ್ ಆಗಿರುವುದು ಇ20ಗೆ. ಬೆರಕೆ 27ಕ್ಕೆ ಹೋದ ದಿನ ಅವೂ ಹಳೆ ಕಾರುಗಳ ಸಾಲಿಗೆ ಸೇರುತ್ತವೆ.